ಗಂಟೆಯಮ್ಮನ ಕತ್ತಿನ ಗಡ್ಡೆ

ಕುರಿದೊಡ್ಡಿಯ ಮನೆಯಿಂದ,
ಹನ್ನೊಂದನೇ ತಾರೀಖು, ಸೋಮವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಉಣ್ಣೆ ಗಿರಣಿಯ ಧೂಳಿಗೆ ಕೆಮ್ಮು ಹೆಚ್ಚಾಗಿದೆ ಎಂದು ಅಮ್ಮನಿಗೆ ಬರೆದಿದ್ದೆಯಂತೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು, ನಗುವವರು ನಗಲಿ. ಅಮ್ಮನ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಎರಡು ವರ್ಷದಲ್ಲಿ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು, ಸುಳ್ಳಿನಿಂದ ಶುರುವಾಗುವುದು ಬೇಡ.

ನಮ್ಮ ಹಿರಿ ಕುರಿ ಗಂಟೆಯಮ್ಮ ಹೋದ ಮಂಗಳವಾರ ಸತ್ತಳು. ನೀನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು, ನನ್ನನ್ನು ಕಂಡರೆ ಗುದ್ದಲು ಬರುತ್ತಿದ್ದವಳು, ಕೊನೆಯ ವಾರ ನನ್ನ ಮಡಿಲಲ್ಲೇ ತಲೆಯಿಟ್ಟು ಉಸಿರೆಳೆಯುತ್ತಿದ್ದಳು. ಚರ್ಮ ಎಲುಬಿಗೆ ಅಂಟಿತ್ತು. ದನದ ಡಾಕ್ಟರಮ್ಮ ಕೊಯ್ದು ನೋಡಿದಳು. ದವಡೆಯ ಕೆಳಗೆ ಇದ್ದಂಥ ಗಡ್ಡೆಗಳೇ ಶ್ವಾಸಕೋಶದ ತುಂಬ ಇದ್ದವು. ಒಂದನ್ನು ಕತ್ತರಿಸಿದರೆ ಒಳಗೆ ಈರುಳ್ಳಿಯ ಹಾಗೆ ಪದರ ಪದರ ಕೀವು. ಇಷ್ಟು ಗಟ್ಟಿ ಜೀವವನ್ನು ಒಂದು ಕ್ರಿಮಿ ಹೇಗೆ ತಿಂದಿತು ಎಂದು ಕೇಳಿದೆ. "ಅದರ ಮೈಮೇಲೆ ವಿಷದ ಜಿಡ್ಡು ಇರುತ್ತಮ್ಮ. ನಮ್ಮ ರಕ್ತದ ಕಾವಲುಗಾರರು ಅದನ್ನ ನುಂಗ್ತಾರೆ, ಆದ್ರೆ ಅರಗಿಸಿಕೊಳ್ಳೋಕೆ ಆಗಲ್ಲ. ನುಂಗಿದವರೇ ಸಾಯ್ತಾರೆ, ಅದು ಹೊರಗೆ ಬರುತ್ತೆ" ಎಂದಳು. ಗಡ್ಡೆಯ ಗೋಡೆ ದಾಟಿ ಔಷಧಿಯೂ ಒಳಗೆ ಹೋಗುವುದಿಲ್ಲವಂತೆ. ಅವಳು ಕೈ ತೊಳೆಯುತ್ತಿದ್ದಳು, ನಾನು ಬಕೆಟ್ಟು ಹಿಡಿದು ನಿಂತೇ ಇದ್ದೆ.

ಆಮೇಲೆ ಅವಳು ಕೇಳಿದಳು, "ಉಣ್ಣೆ ಕತ್ತರಿಸುವಾಗ ಯಾವ ಕುರಿ ಮೊದಲು?" ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ. ಹಿರಿಯಳಿಗೆ ಮೊದಲ ಮರ್ಯಾದೆ, ಅವಳು ಹೆದರದಿದ್ದರೆ ಉಳಿದವೂ ಹೆದರುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದದ್ದು. ನೀನು ಮನೆ ಬಿಟ್ಟ ವರ್ಷವೂ ಗಂಟೆಯಮ್ಮನಿಂದಲೇ ಶುರುಮಾಡಿದೆ. ದವಡೆಯ ಕೆಳಗಿನ ಗಡ್ಡೆಗೆ ಕತ್ತರಿ ತಗುಲಿ ಒಡೆಯಿತು. ಮುಳ್ಳು ಚುಚ್ಚಿರಬೇಕು ಅಂದುಕೊಂಡು ಕತ್ತರಿಯನ್ನು ಸೆರಗಿಗೆ ಒರೆಸಿ ಮುಂದಿನ ಕುರಿಯನ್ನು ಎಳೆದುಕೊಂಡೆ. ಅದೇ ಕತ್ತರಿಯಲ್ಲಿ ಸಂಜೆಯೊಳಗೆ ನಲವತ್ತು ಕುರಿ. ನನ್ನ ಕೈಯ ಚುರುಕು ನೋಡಿ ನೀನೇ ಹೊಗಳಿದ್ದೆ. "ಎಳೇವನ್ನ ಮೊದಲು ಮಾಡಬೇಕಿತ್ತು, ಗಡ್ಡೆ ಇರೋದನ್ನ ಕೊನೆಗೆ" ಎಂದಳು ಡಾಕ್ಟರಮ್ಮ. ಬೈದಿದ್ದರೆ ವಾಸಿಯಿತ್ತು, ಅವಳು ಬೈಯಲಿಲ್ಲ.

ನಾಲ್ಕು ತಿಂಗಳ ಮೇಲೆ ಒಂದೊಂದಾಗಿ ಕುರಿಗಳಿಗೆ ಗಡ್ಡೆ ಎದ್ದಾಗ ನಾನು ನಿನಗೆ ಏನಂದೆ ಎಂದು ಮತ್ತೆ ಬರೆಯಬೇಕೇ? "ನಿನ್ನ ಟಗರು ತಂದ ಪೀಡೆ ಇದು, ಅದರ ಜೊತೆ ನೀನೂ ತೊಲಗು" ಅಂದೆ. ನೀನು ಕೊಂಡು ತಂದು ಇನ್ನೂ ವರ್ಷ ತುಂಬದ ಟಗರನ್ನು ನಾನು ಅವತ್ತೇ ಕಟುಕನಿಗೆ ಕೊಟ್ಟೆ. ನೀನು ಊಟಕ್ಕೂ ನಿಲ್ಲದೆ ಹೊರಟೆ. ಅಮ್ಮ ಬಾಗಿಲವರೆಗೆ ಬಂದಳು, ನಾನು ಬರಲಿಲ್ಲ. ಈಗ ಬರುವ ಗುರುವಾರ ಗಡ್ಡೆ ಎದ್ದ ಮೂವತ್ತೊಂದು ಕುರಿಗಳನ್ನು ಕೊಲ್ಲಲು ಒಯ್ಯುತ್ತಾರೆ. ಉಳಿಯುವುದು ಎಂಟೇ. ಕುರಿ ಹೋದದ್ದಕ್ಕೆ ಅಳು ಬಂತು, ಅತ್ತೆ. ನಿನ್ನ ವಿಷಯಕ್ಕೆ ಅಳುವ ಮುಖವೂ ನನಗಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ತಣ್ಣಗಿರು.

ನಿನ್ನ ಬಾಯಿಬಡುಕಿ
ಅಕ್ಕ

ಮರೆತಿದ್ದೆ — ಇಲ್ಲ, ಮರೆತಿರಲಿಲ್ಲ. ಟಗರನ್ನು ಕೊಡುವ ಮುಂಚೆ ತೆಗೆದಿದ್ದ ರಕ್ತದ ಪರೀಕ್ಷೆಯ ಕಾಗದ, ನೀನು ಹೋದ ಎಂಟನೇ ದಿನಕ್ಕೇ ಬಂದಿತ್ತು. ಅದರಲ್ಲಿ ಯಾವ ರೋಗವೂ ಇರಲಿಲ್ಲ. ಓದಿ, ಮಡಚಿ, ಅಪ್ಪನ ಕತ್ತರಿ ಪೆಟ್ಟಿಗೆಯ ತಳದಲ್ಲಿಟ್ಟೆ. ಎರಡು ವರ್ಷ ಬಿಸಿತುಪ್ಪದ ಹಾಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಇವತ್ತು ಅಮ್ಮನಿಗೆ ಓದಿ ಹೇಳಿದೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಕಾಗದ ಇದರ ಜೊತೆ ಇಟ್ಟಿದ್ದೇನೆ. ಗುರುವಾರದೊಳಗೆ ಬಾ. ನನ್ನನ್ನು ಬೈಯುವುದಕ್ಕಾದರೂ ಬಾ.