ಬಾಗಿಲಿಗೆ ಕಟ್ಟಿದ ಕಳೆ

ಕಟ್ಟೆ ಒಡೆದ ಇನ್ನೂರ ಒಂಬತ್ತನೇ ವರ್ಷ, ಸುಗ್ಗಿಯ ಮೂವತ್ತಮೂರನೇ ದಿನ.

ಅಘನಾಶಿನಿ ಹಿನ್ನೀರಿನ ದೇವಮ್ಮಜ್ಜಿಯವರಿಗೆ, ನಿಮ್ಮ ಎಂಟನೇ ತಲೆಮಾರಿನ ಬೀರಮ್ಮ ಮಾಡುವ ನಮಸ್ಕಾರಗಳು. ಈ ಪತ್ರ ಕೈಸೇರುವಾಗ ನೀವಿನ್ನೂ ಹೊಸ ಸೊಸೆ. ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡಿ. ನಮ್ಮ ಕಾಲದ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಅದನ್ನೂ ಮನ್ನಿಸಿ.

ಇಂದು ನಾವು ಹೊಸ ಅಕ್ಕಿ ಉಂಡೆವು! ಕಟ್ಟೆ ಒಡೆದು ನಿಮ್ಮ ಗದ್ದೆಗಳ ಮೇಲೆ ಈಗ ಸಮುದ್ರ ನಿಂತಿದೆ. ಮೂರು ತಲೆಮಾರು ಪಾಚಿರೊಟ್ಟಿಯಲ್ಲೇ ಬದುಕಿದ್ದೇವೆ. ಎಪ್ಪತ್ತರ ನನ್ನ ಅವ್ವ ಹುಟ್ಟಿದ ಮೇಲೆ ಮೊದಲ ಸಲ ಬಿಸಿ ಅನ್ನಕ್ಕೆ ಕೈ ಹಾಕಿ, ಬೆರಳು ಸುಟ್ಟುಕೊಂಡು, "ಸುಟ್ಟರೂ ಬಿಡೂದಿಲ್ಲ" ಎಂದು ನಕ್ಕಳು.

ಇಷ್ಟು ತಡವಾದದ್ದು ನಮ್ಮ ಹಿರಿಯರ ಎಡವಟ್ಟಿನಿಂದ. ಉಪ್ಪುನೀರಲ್ಲಿ ಬೆಳೆಯುತ್ತಿದ್ದ ಕಾಡುಭತ್ತ ಅಳಿದುಹೋಗಿತ್ತು. ಅದರ ಜೀನುಗಳ ಬರಹವನ್ನಷ್ಟೇ ಉಳಿಸಿಕೊಂಡು, ಜೀನುಗಳ ನಡುವಿನದ್ದನ್ನೆಲ್ಲ ಕಸವೆಂದು ಅಳಿಸಿಬಿಟ್ಟಿದ್ದರು. ಕಾಡುಭತ್ತದ ಉಪ್ಪು ತಡೆಯುವ ಜೀನನ್ನು ಮೂರು ಸಲ, ಬೀಜವಾಗಿ ಕಾಪಿಟ್ಟಿದ್ದ ನಮ್ಮ ಭತ್ತಕ್ಕೆ ಸೇರಿಸಿದೆವು. ಮೂರು ಸಲವೂ ಸಸಿ ಕೊಳೆಯಿತು. ಆಮೇಲೆ ನೋಡಿದರೆ ಆ ಜೀನು ನಮ್ಮ ಭತ್ತದಲ್ಲೂ ಮೊದಲಿಂದಲೇ ಇದೆ! ಎರಡು ಮನೆಯಲ್ಲೂ ಅದೇ ಪಾತ್ರೆ, ಒಲೆ ಹಚ್ಚುವ ಹೊತ್ತು ಮಾತ್ರ ಬೇರೆ. ಕಾಡುಭತ್ತದಲ್ಲಿ ಬೇರಿಗೆ ಉಪ್ಪು ತಾಗಿದ ಕೂಡಲೇ ಅದು ಏಳುತ್ತದೆ. ನಮ್ಮದರಲ್ಲಿ ಎಲೆ ಹಳದಿಯಾದ ಮೇಲೆ. ಯಾವ ಜೀನು ಎಲ್ಲಿ, ಯಾವಾಗ ಏಳಬೇಕೆಂದು ಹೇಳುವ ತುಣುಕಿಗೆ ನಾವು 'ಎಬ್ಬಿಸುಗ' ಎನ್ನುತ್ತೇವೆ. ಈ ಎರಡು ಜಾತಿಗಳ ಬಾಳನ್ನು ಬೇರೆ ಮಾಡಿದ್ದು ಅದೇ. ಅದಿದ್ದದ್ದು ಅಳಿಸಿಹಾಕಿದ ಕಸದಲ್ಲಿ.

ಆಗ ನಿಮ್ಮ ಕದಿರು ಸಿಕ್ಕಿತು. ಹೊಸತಿನ ಹಬ್ಬದಲ್ಲಿ ಬಾಗಿಲಿಗೆ ಕದಿರು ಕಟ್ಟುವ ಗಡಿಬಿಡಿಯಲ್ಲಿ ನೀವು ಬದುವಿನ ಕಾಡುಭತ್ತದ ಒಂದು ತೆನೆಯನ್ನೂ ಕೊಯ್ದು ಸೇರಿಸಿದ್ದಿರಿ. "ಕಣ್ಣು ಎಲ್ಲಿತ್ತೇ ನಿಂಗೆ? ಹಬ್ಬದ ದಿನ ಬಾಗಿಲಿಗೆ ಕಳೆ ಕಟ್ಟಿದ್ಯಲ್ಲೆ!" ಎಂದು ಅತ್ತೆ ಬೈದದ್ದನ್ನು ನಮ್ಮ ಮನೆಯಲ್ಲಿ ಇನ್ನೂ ಹೇಳಿಕೊಂಡು ನಗುತ್ತಾರೆ. ಆ ಬಾಗಿಲಿನ ತೊಲೆಯನ್ನು ಕದಿರಿನ ಸಮೇತ ಪೆಟ್ಟಿಗೆಯಲ್ಲಿ ಕಾಪಾಡಿದ್ದರು. ಒಣಗಿದ ತೆನೆಯಲ್ಲಿ ಪೂರ್ತಿ ಬರಹವಿತ್ತು. ಅದರ ಎಬ್ಬಿಸುಗವನ್ನು ನಮ್ಮದೇ ಜೀನಿನ ಮುಂದೆ ಕೂಡಿಸಿದೆವು. ಹನ್ನೊಂದನೇ ದಿನವೂ ಸಸಿಗಳು ಉಪ್ಪುನೀರಲ್ಲಿ ಹಸಿರಾಗಿ ನಿಂತಿದ್ದವು. ನಾನು ಕೆಸರಲ್ಲೇ ಕುಣಿದೆ.

ಇನ್ನೊಂದು ಮಾತು. ಬೈಗುಳಕ್ಕೆ ನೊಂದು, ಮರುದಿನ ಬೆಳಿಗ್ಗೆ ಎದ್ದು ಆ ತೆನೆಯನ್ನು ಕಿತ್ತೆಸೆಯಲು ನೀವು ಏಣಿ ಹತ್ತಿದ್ದಿರಂತೆ, ಆಮೇಲೆ ಹಾಗೇ ಇಳಿದಿರಂತೆ. ಯಾಕೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ಈ ಪತ್ರ, ನೀವು ಏಣಿ ಹತ್ತುವ ಆ ಬೆಳಿಗ್ಗೆಯೇ ನಿಮ್ಮ ಕೈಸೇರಲೆಂದು.

ಕೀಳಬೇಡಿ, ಅಜ್ಜಿ. ಅತ್ತೆ ಬೈದರೆ ಬೈಯಲಿ, ನಾವು ಉಂಡಿದ್ದೇವೆ.