ಗ್ರಂಥಿ ತೆಗೆದ ಮೇಲೆ

ಭಾನುವಾರ, ಮಧ್ಯಾಹ್ನ

ನಮ್ಮ ಮನೆಯವರಿಗೆ,

ನಾನು ಬೇರೆ ಬಾಡಿಗೆ ಕೋಣೆ ಮಾಡಿಕೊಂಡು ವರ್ಷವಾಗುತ್ತ ಬಂದರೂ ನಿಮ್ಮನ್ನು ಹೀಗೆ ಕರೆಯುವುದು ಬಿಟ್ಟಿಲ್ಲ, ನಗಬೇಡಿ. ನಿಮ್ಮ ಕಾಗದ ಬಂತು. ರಕ್ತಪರೀಕ್ಷೆ ಏನಾಯಿತು, ನನ್ನನ್ನು ಕರೆದುಕೊಂಡು ಹೋಗಲು ಯಾವತ್ತು ಬರಲಿ ಎಂದು ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ ಸುಲಭ. ಕ್ಯಾಲ್ಸಿಯಂ ಸರಿಯಾಗಿದೆ, ಹಾರ್ಮೋನ್ ಕೂಡ. ಮಂಡಿ ನೋವಿಲ್ಲ, ತಂಬಿಗೆಗಟ್ಟಲೆ ನೀರು ಕುಡಿಯುವುದು ನಿಂತಿದೆ, ನಿದ್ದೆ ಬರುತ್ತಿದೆ. ಕತ್ತಿನ ಆಪರೇಷನ್ ಗೆರೆಯನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಮಾತ್ರೆಯಿಂದಲೇ ಅಮ್ಮನಿಗೆ ಗಡ್ಡೆ ಬೆಳೆಯಿತು ಎಂದು ಮಗಳಿಗೆ ಹೇಳಿದ್ದೀರಂತೆ. ಹಾಗಲ್ಲ. ಬಿ.ಪಿ.ಗೆಂದು ನಾನು ನುಂಗುತ್ತಿದ್ದುದು ಮೂತ್ರ ಹೆಚ್ಚಿಸುವ ಮಾತ್ರೆ. ಅಂಥವುಗಳಲ್ಲಿ ಒಂದು ಜಾತಿ ನೀರಿನ ಜೊತೆಗೆ ಕ್ಯಾಲ್ಸಿಯಂ ಅನ್ನೂ ಹೊರಗೆ ತಳ್ಳುತ್ತದೆ. ನನ್ನದು ಇನ್ನೊಂದು ಜಾತಿ: ನೀರನ್ನು ಕಳಿಸಿ ಕ್ಯಾಲ್ಸಿಯಂ ಅನ್ನು ಒಳಗೇ ಹಿಡಿದಿಡುತ್ತದೆ. ರಕ್ತದಲ್ಲಿ ಅದು ಏರಿದಾಗ, ಕತ್ತಿನೊಳಗೆ ಅಕ್ಕಿಕಾಳಿನಷ್ಟಿರುವ ನಾಲ್ಕು ಗ್ರಂಥಿಗಳು ಸಾಕಪ್ಪ ಎಂದು ತೆಪ್ಪಗಾಗಬೇಕು. ಮೂಳೆಯಿಂದ ಕ್ಯಾಲ್ಸಿಯಂ ಎಳೆದು ತರುವ ಹಾರ್ಮೋನನ್ನು ಕಡಿಮೆ ಮಾಡಬೇಕು. ನನ್ನವು ತೆಪ್ಪಗಾಗಲಿಲ್ಲ. ಡಾಕ್ಟರಮ್ಮ ಬಿ.ಪಿ.ಗೆ ಬೇರೆ ಮಾತ್ರೆ ಕೊಟ್ಟು, ಕೆಲವು ವಾರ ಕಾದು, ಮತ್ತೆ ರಕ್ತ ತೆಗೆಸಿದರು. ಕ್ಯಾಲ್ಸಿಯಂ ಒಂದಿಷ್ಟು ಇಳಿದಿತ್ತು, ಪೂರ್ತಿ ಇಳಿದಿರಲಿಲ್ಲ. ಹಾರ್ಮೋನ್ ಮಾತ್ರ ಜಗ್ಗಿರಲಿಲ್ಲ. ಒಂದು ಗ್ರಂಥಿ ಯಾವ ಕಾಲದಿಂದಲೋ ಕೆಟ್ಟು ಕಡಲೆಬೀಜದಷ್ಟು ಬೆಳೆದಿತ್ತು. ಮಾತ್ರೆ ಅದನ್ನು ಬಯಲಿಗೆಳೆಯಿತು, ಅಷ್ಟೇ.

ನಾನು ಮನೆ ಬಿಟ್ಟಾಗ ನೀವು ಅದಕ್ಕೆ ಬಿ.ಪಿ. ಕಾರಣ ಎಂದಿರಿ. ಕ್ಯಾಲ್ಸಿಯಂ ಹೆಚ್ಚಿದೆ ಎಂದು ಗೊತ್ತಾದ ಮೇಲೆ ಮಾತ್ರೆಯ ಕಾಟ ಎಂದಿರಿ. ಮಾತ್ರೆ ಬಿಟ್ಟೂ ನಾನು ಬರದಿದ್ದಾಗ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಕೈ ಹಿಡಿದು, ನಿಂದೇನೂ ತಪ್ಪಿಲ್ಲ ಕಣೇ, ಎಲ್ಲಾ ಆ ಹಾಳು ಗ್ರಂಥಿ ಮಾಡಿದ್ದು ಅಂದಿರಿ. ಆ ಮಾತಿಗೆ ನನ್ನ ಕಣ್ಣು ತುಂಬಿತು. ಅದರಲ್ಲಿ ಸುಳ್ಳೂ ಇರಲಿಲ್ಲ. ಮೂಗಿನ ತುದಿಯಲ್ಲೇ ಕೋಪ, ಕಾರಣವಿಲ್ಲದ ಅಳು, ಆ ದಿನ ಗೋಡೆಗೆ ಎಸೆದ ತಟ್ಟೆ, ಎಲ್ಲವನ್ನೂ ಗ್ರಂಥಿಯ ತಲೆಗೇ ಕಟ್ಟೋಣ. ಪಾಪ, ಅದು ಎದುರು ಮಾತಾಡುವುದಿಲ್ಲ.

ಆದರೆ ಇನ್ನೊಂದಿದೆ. ನಾನು ಕೆಲಸ ಮಾಡುವ ನೀರು ಸರಬರಾಜಿನ ಪ್ರಯೋಗಾಲಯದ ಉಸ್ತುವಾರಿಯನ್ನು ನನಗೇ ಕೊಡುತ್ತೇವೆ ಎಂದು ಆಫೀಸಿನವರು ಹೇಳಿದಾಗ, ನೀವು ನನಗೆ ಒಂದು ಮಾತೂ ಹೇಳದೆ ನಮ್ಮ ಸಾಹೇಬರ ಹತ್ತಿರ ಹೋಗಿ, ಅವಳ ಕೈಲಿ ಆಗಲ್ಲ ಸಾರ್ ಎಂದು ಹೇಳಿ ಬಂದಿರಿ. ಕೇಳಿದ್ದಕ್ಕೆ, ನಿನ್ನ ಒಳ್ಳೇದಕ್ಕೇ ತಾನೇ ಎಂದಿರಿ. ನಿಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದಲ್ಲ, ಮದುವೆಯಾದಾಗಿನಿಂದ ನಾನು ಅಂಥದೇ ಕಾರು ಓಡಿಸಿದೆ. ಎಷ್ಟು ಸಲ ಬಾಯಿಬಿಟ್ಟು ಹೇಳಿದೆ. ನಿನಗೆ ನಿದ್ದೆ ಸಾಲದು ಅನ್ನುತ್ತಿದ್ದಿರಿ.

ಪ್ರಯೋಗಾಲಯದಲ್ಲಿ ನಾವು ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಕಾದು, ಆಮೇಲೆ ನೋಡುತ್ತೇವೆ. ಹಾಗೆಯೇ ಮಾತ್ರೆ ಬಿಟ್ಟು ನೋಡಿದೆ, ಗ್ರಂಥಿ ತೆಗೆಸಿ ನೋಡಿದೆ. ಈಗ ಮನಸ್ಸು ತಿಳಿಯಾಗಿದೆ, ನಿಮ್ಮ ಮೇಲೆ ಕೋಪವೂ ಇಲ್ಲ. ಆದರೂ ಮನೆಗೆ ಹೋಗಲೇ ಎಂದು ಕೇಳಿಕೊಂಡರೆ ಅವತ್ತಿನ ಉತ್ತರವೇ ಬರುತ್ತಿದೆ. ನಾನು ಬರುವುದಿಲ್ಲ. ಅವತ್ತು ಮನೆ ಬಿಟ್ಟು ಹೊರಟವಳು ನಾನೇ, ಗ್ರಂಥಿಯಲ್ಲ.

ನೀವು ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಎಷ್ಟೋ ಸುಲಭವಿತ್ತು. ಮಗಳಿಗೆ ನಾನೇ ಹೇಳುತ್ತೇನೆ, ನೀವು ಹೇಳಲು ಹೋಗಬೇಡಿ. ಬಿಸಿಲಲ್ಲಿ ಪಾಠಕ್ಕೆ ಹೋಗುವಾಗ ಟೋಪಿ ಮರೆಯಬೇಡಿ.

ಇಂತಿ,
ನಿಮ್ಮ ಮಗಳ ಅಮ್ಮ

ತಾ.ಕ.: ಆಪರೇಷನ್ನಿನ ಹಿಂದಿನ ದಿನ ನನ್ನ ಬಟ್ಟೆಬರೆಯನ್ನೆಲ್ಲ ಸೂಟ್‌ಕೇಸಿಗೆ ತುಂಬಿಟ್ಟಿದ್ದೆ, ಕೋಣೆ ಖಾಲಿ ಮಾಡುತ್ತೇನೆಂದು ಮಾಲೀಕರಿಗೂ ಹೇಳಿದ್ದೆ. ಎಚ್ಚರವಾದಾಗ ನಿಮ್ಮ ಜೊತೆ ಮನೆಗೆ ಹೋಗಬೇಕು ಅನ್ನಿಸಲಿ ಎಂದು ಎಷ್ಟು ಆಸೆಪಟ್ಟಿದ್ದೆ ಗೊತ್ತೇ. ಇಷ್ಟು ದಿನ ಕಾದೆ. ನಿನ್ನೆ, ಕೋಣೆ ಬಿಡುವುದಿಲ್ಲವೆಂದು ಮಾಲೀಕರಿಗೆ ಹೇಳಿ, ಬಟ್ಟೆಗಳನ್ನು ತೆಗೆದು ಬೀರುವಿನಲ್ಲಿ ಜೋಡಿಸಿದೆ.