ಬೆನ್ನ ಹಿಂದಿನ ಸಮುದ್ರ

ಮನೆ, ನಿನ್ನ ಹೊಲಿಗೆ ಮಿಷನ್ನಿನ ಮೇಲೆ ಕಾಗದವಿಟ್ಟುಕೊಂಡು
ಭಾನುವಾರ, ಎಂಟನೇ ತಾರೀಖು

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ದೊಡ್ಡಮ್ಮ ಈಗ ಕೋಲು ಹಿಡಿದು ಬಚ್ಚಲವರೆಗೆ ತಾವೇ ನಡೆಯುತ್ತಾರೆಂದು ನಿನ್ನ ಕಾಗದದಲ್ಲಿ ಓದಿ ಅಪ್ಪನಿಗೂ ನನಗೂ ನೆಮ್ಮದಿಯಾಯಿತು. ಆದರೆ ನಿನ್ನ ಬೆನ್ನುನೋವಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಊರವರ ಆರೋಗ್ಯವನ್ನೆಲ್ಲ ಬರೆದು ನಿನ್ನದನ್ನು ಮಾತ್ರ ಬಿಡುವುದು ನಿನ್ನ ಹಳೆಯ ಚಾಳಿ. ಸೊಂಟ ಮುರಿದ ಅಕ್ಕನನ್ನು ಎತ್ತಿ ಕೂರಿಸುವವಳಿಗೂ ಒಂದು ಸೊಂಟವಿದೆ. ದುಡಿಯುವವರಿಗೆ ದೇಹ ಬಿಟ್ಟರೆ ಬೇರೆ ಆಸ್ತಿಯಿಲ್ಲ, ಅದನ್ನು ಸವೆಸುವ ಹಕ್ಕು ಅವರಿಗೂ ಇಲ್ಲ ಎಂದು ಮೊನ್ನೆ ಪ್ರೆಸ್ಸಿನಲ್ಲಿ ಮಡಚಿದ ಕರಪತ್ರದಲ್ಲಿ ಇತ್ತು. ಕ್ಷೇಮಸಮಾಚಾರ ಮುಗಿಯುವ ಮೊದಲೇ ಭಾಷಣ ಶುರುವಾಯಿತು ಎಂದು ನಗುತ್ತಿದ್ದೀಯ, ಗೊತ್ತು. ನಗು, ಆದರೆ ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ.

ನಾನು ಚೆನ್ನಾಗಿದ್ದೇನೆ. ಪ್ರೆಸ್ಸಿನಲ್ಲಿ ಮಡಚುವ ಕೆಲಸ ರಾಶಿ ಬಿದ್ದಿದೆ. ಮಡಚುವಾಗ ಓದಬೇಡ ಎಂದು ಮೇಸ್ತ್ರಿ ಬೈಯುತ್ತಾರೆ, ನಾನು ಓದುತ್ತೇನೆ. ಗಡ್ಡ ತೆಗೆದಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾನು ಫೋನು ಹಿಡಿದ ಕೂಡಲೇ ಅಪ್ಪ ಪಕ್ಕಕ್ಕೆ ಬಂದು ನಿಂತು, "ನಾನು ಆರಾಮಾಗಿದೀನಿ ಅಂತ ಹೇಳು" ಎಂದು ಹೇಳಿಕೊಡುತ್ತಾರೆ. ಈಗ ಅವರು ಮಲಗಿದ್ದಾರೆ. ನಿನ್ನೆಯ ದಣಿವು.

ಹೌದು, ನೀನು ಏರ್ಪಾಡು ಮಾಡಿದ ಪ್ರವಾಸ ನಿನ್ನೆ ಆಯಿತು. ಮೊದಲಿಗೆ ನನ್ನ ತಕರಾರು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಊಟ ಜೀರ್ಣವಾಗುವುದಿಲ್ಲ. ಪ್ರವಾಸದ ಆಫೀಸಿನ ಯಜಮಾನರ ಅಷ್ಟೂ ಕಾರುಗಳಿಗೆ ನೀನು ಸೀಟ್ ಕವರ್ ಹೊಲಿದುಕೊಟ್ಟೆ. ಅವರು ಖುಷಿಯಾಗಿ ಒಂದು ದಿನದ ಮಟ್ಟಿಗೆ ಒಂದು ಕಾರು, ಒಬ್ಬ ಡ್ರೈವರು, ಕಡಲ ಬದಿಯ ನಾಲ್ಕು ಚಂದದ ಊರು, ನಿಮ್ಮ ಮನೆಯವರಿಗೆ ಮಾತ್ರ ಎಂದರು. ಅಮ್ಮಾ, ಸರಿಯಾದ ಕೂಲಿ ಕೊಡುವವರು ಉಡುಗೊರೆ ಕೊಡಬೇಕಾಗಿಲ್ಲ. ಕೂಲಿಗೆ ಯಾರೂ ಕೈಮುಗಿಯಬೇಕಾಗಿಲ್ಲ, ಉಡುಗೊರೆಗೆ ಮುಗಿಯಬೇಕು. ವ್ಯತ್ಯಾಸ ಅಷ್ಟೇ. ಇನ್ನೊಂದು ತಕರಾರು ನಿನ್ನ ಮೇಲೆ. ನಾಲ್ಕನೇ ಊರಿನಲ್ಲಿ ಕಣ್ಣಿನ ಆಸ್ಪತ್ರೆ ಇದೆ, ಅಪ್ಪನನ್ನು ಗೇಟಿನವರೆಗೆ ಹೇಗಾದರೂ ಮುಟ್ಟಿಸು, ಮೊದಲೇ ಹೇಳಿದರೆ ಅವರು ಕಾರೇ ಹತ್ತುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿ ಬಸ್ಸು ಹತ್ತಿದೆಯಲ್ಲ, ಒಳ್ಳೆಯದಕ್ಕೆ ಹೇಳಿದ ಸುಳ್ಳೂ ಸುಳ್ಳೇ. ಆದರೂ ಒಪ್ಪಿಕೊಂಡೆ. ಏಕೆಂದರೆ ಎರಡು ಸಲ ನೀನು ಡಾಕ್ಟರರ ಹತ್ತಿರ ದಿನ ಗೊತ್ತುಮಾಡಿದಾಗ ಒಮ್ಮೆ ಅಪ್ಪನಿಗೆ ಹೊಟ್ಟೆನೋವು ಬಂತು, ಇನ್ನೊಮ್ಮೆ ಬೆಳಿಗ್ಗೆಯೇ ಎದ್ದು ಡಿಪೋದ ಗೆಳೆಯರ ಮನೆಗೆ ಓಡಿಹೋದರು. ಕಣ್ಣಿನ ಪೊರೆ ಬಲಿತುಹೋದರೆ ಆಮೇಲೆ ಕಷ್ಟ ಎಂದು ಡಾಕ್ಟರು ಹೇಳಿದ್ದು ನನ್ನ ತಲೆಯಲ್ಲಿ ಗುಂಯ್‌ಗುಡುತ್ತಲೇ ಇತ್ತು. ನಿವೃತ್ತರಾದಮೇಲೆ ಅಪ್ಪ ಬೇರೆ ಹೊತ್ತಿನಲ್ಲಿ ಬೀದಿಗೇ ಇಳಿಯುತ್ತಿಲ್ಲ. "ಇಷ್ಟು ವರ್ಷ ನಿಂತಿದ್ದೀನಿ, ಕೂತ್ಕೋತೀನಿ ಬಿಡೋ" ಎನ್ನುತ್ತಾರೆ. ಜೇಬಿನಲ್ಲಿ ಮಾತ್ರ ಕಂಡಕ್ಟರ್ ಕೆಲಸದ ಸೀಟಿ ಇಟ್ಟುಕೊಂಡೇ ಇರುತ್ತಾರೆ.

ಬೆಳಿಗ್ಗೆ ಕಾರು ಬಂದಾಗ ಡ್ರೈವರು ಇಳಿದು ಬಂದು ಬಾಗಿಲು ತೆರೆದರು. ನನ್ನ ಬಾಗಿಲು ನಾನೇ ತೆರೆದುಕೊಳ್ಳುತ್ತೇನೆ, ನೀವೂ ನಮ್ಮ ಹಾಗೆ ದುಡಿಯುವವರು ಎಂದು ಹೇಳಿ ಮುಂದಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಅವರ ಕೆಲಸದ ಅವಧಿ, ರಜೆ, ಸಂಘ ಇದೆಯೋ ಇಲ್ಲವೋ ಎಲ್ಲ ವಿಚಾರಿಸಿದೆ. ಪಾಪ, ಅವರಿಗೆ ರೇಡಿಯೋ ಕೇಳಬೇಕಿತ್ತು. ಕೊನೆಗೆ, "ನಾಯಕ್ರೇ, ಹಾಡು ಮುಗಿದ ಮೇಲೆ ಹೋರಾಟ ಮಾಡೋಣ" ಎಂದರು. ಹಿಂದಿನಿಂದ ಅಪ್ಪ ಜೋರಾಗಿ ನಕ್ಕರು. ಆ ನಗು ಕೇಳಿ ಎಷ್ಟು ದಿನವಾಗಿತ್ತು! ಆಮೇಲೆ ತಿರುಗಿ ನೋಡಿದರೆ ಅಪ್ಪ ಸೀಟಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. "ಎರಡು ಸಾಲು ಹೊಲಿಗೆ. ಇದು ನಿಮ್ಮಮ್ಮನ ಕೈಯಿ" ಎಂದರು. ಬೇರೆಯವರು ಒಂದೇ ಸಾಲು ಹಾಕಿ ಕೈತೊಳೆದುಕೊಳ್ಳುತ್ತಾರಂತೆ. ಆಮೇಲೆ ದಿನವಿಡೀ ಆ ಕೈ ಅಲ್ಲೇ ಇತ್ತು.

ಮೊದಲ ಎರಡು ಊರು ಚಿತ್ರದಂತಿದ್ದವು, ಸುಳ್ಳು ಹೇಳುವುದಿಲ್ಲ. ಬಂಡೆಯ ಮೇಲೆ ಬಿಳಿಯ ದೀಪಸ್ತಂಭ, ಅದರ ಬುಡದಲ್ಲಿ ಬಣ್ಣಬಣ್ಣದ ಕಿಟಕಿಗಳ ಸಣ್ಣ ಮನೆಗಳು, ಮೆಟ್ಟಿಲು ಮೆಟ್ಟಿಲಾಗಿ ನೀರಿಗಿಳಿಯುವ ಓಣಿ. ಆದರೆ ಎರಡನೇ ಊರಿನಲ್ಲಿ ಮರಳಿನ ಮೇಲೆಯೇ ಬೇಲಿ ಹಾಕಿ "ಖಾಸಗಿ, ಹೋಟೆಲಿನ ಅತಿಥಿಗಳಿಗೆ ಮಾತ್ರ" ಎಂದು ಬೋರ್ಡು ಹಾಕಿದ್ದರು. ಅಲೆ ಬೇಲಿಯ ಕೆಳಗೆ ನುಸುಳಿ ಈ ಕಡೆಗೂ ಬರುತ್ತಿತ್ತು. ಅಲೆಗಿರುವಷ್ಟು ಧೈರ್ಯ ನಮ್ಮ ಜನಕ್ಕಿಲ್ಲವಲ್ಲ ಎಂದು ಅಪ್ಪನಿಗೆ ಹೇಳಿದೆ. "ಹೂಂ, ಚೆನ್ನಾಗಿದೆ" ಎಂದರು. ದೀಪಸ್ತಂಭಕ್ಕೂ ಚೆನ್ನಾಗಿದೆ, ಬೇಲಿಗೂ ಚೆನ್ನಾಗಿದೆ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮೂರನೇ ಊರಿಗೆ ಹೋಗುವ ದಾರಿಯಲ್ಲಿ ತಿರುವಿನಲ್ಲಿ ಕಾರು ನಿಧಾನವಾಯಿತು. ರಸ್ತೆಬದಿಯಿಂದ ಯಾರೋ, "ಇವತ್ತೂ ಬರಲ್ಲ ಕಣೇ, ನಡಿ ಮನೆಗೆ" ಎಂದದ್ದು ಕಿಟಕಿಯಲ್ಲಿ ತೇಲಿಬಂತು. ಅಷ್ಟೇ. ಹಿಂದಿನಿಂದ ಸೀಟಿ! ಕಾರಿನೊಳಗೆ, ನನ್ನ ಕಿವಿಯ ಪಕ್ಕದಲ್ಲಿ! ಡ್ರೈವರು ಬೆಚ್ಚಿ ಬ್ರೇಕು ಒತ್ತಿದರು. ಅಪ್ಪ ಆಗಲೇ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟು, "ಎಲ್ಲಿಗಮ್ಮಾ? ಹತ್ತಿ ಹತ್ತಿ, ಒಳಗೆ ಜಾಗ ಇದೆ" ಎನ್ನುತ್ತಿದ್ದರು. ಬಸ್ ಸ್ಟಾಪಿನಲ್ಲಿ ಇಬ್ಬರಿದ್ದರು. ಒಂದು ಕಣ್ಣಿಗೆ ಹತ್ತಿಯಿಟ್ಟು ಪ್ಲಾಸ್ಟರು ಹಾಕಿಸಿಕೊಂಡಿದ್ದ ಮುದುಕಿ, ಖಾಲಿ ಬುಟ್ಟಿ ಹಿಡಿದಿದ್ದ ಮೀನು ಮಾರುವಾಕೆ. ಡ್ರೈವರು ಗಾಬರಿಯಾಗಿ, "ಯಜಮಾನ್ರೇ, ಇದು ಪ್ರೈವೇಟ್ ಟೂರು, ಯಾರನ್ನೂ ಹತ್ತಿಸೋ ಹಾಗಿಲ್ಲ, ಆಫೀಸಿಗೆ ನಾನೇನು ಹೇಳ್ಲಿ?" ಎಂದರು. ಅಪ್ಪ ಹೇಳಿದರು: "ಕಂಡಕ್ಟರ್ ಹತ್ತಿಸಿದ ಅಂತ ಹೇಳಪ್ಪಾ. ನಮ್ಮ ಸರ್ವೀಸಲ್ಲಿ ಡ್ರೈವರ್ ಮೇಲೆ ಯಾವತ್ತು ತಪ್ಪು ಬಂದಿದೆ? ಬರೋದೆಲ್ಲ ಕಂಡಕ್ಟರ್ ತಲೆಗೇ."

ಅಮ್ಮಾ, ಭೂಮಿ ಎಲ್ಲರದು, ರಸ್ತೆ ಎಲ್ಲರದು ಎಂದು ಬೆಳಗಿನಿಂದ ಹೇಳುತ್ತಿದ್ದ ನನಗೆ ಆ ಬುಟ್ಟಿ ಒಳಗೆ ಬಂದಾಗ ಮೊದಲು ಹೊಳೆದದ್ದು ಏನು ಗೊತ್ತೇ? ಅಯ್ಯೋ, ನಮ್ಮ ಕಾರು! ನಾಚಿಕೆಯಾಯಿತು. ನಿನ್ನ ಸೀಟ್ ಕವರಿಗೆ ವಾಸನೆ ಹತ್ತಬಾರದೆಂದು ಅಪ್ಪ ನನ್ನ ಚೀಲಕ್ಕೆ ಕೈಹಾಕಿ ಕರಪತ್ರಗಳನ್ನೇ ತೆಗೆದು ಬುಟ್ಟಿಯ ಕೆಳಗೆ ಹಾಸಿದರು. "ಜನಕ್ಕೆ ಉಪಯೋಗ ಆಗ್ಲಿ ಅಂತ ತಾನೇ ಅಚ್ಚು ಹಾಕ್ಸಿರೋದು?" ಎಂದರು. ಆದರೂ ಸ್ವಲ್ಪ ವಾಸನೆ ಹತ್ತಿದೆ. ನೀನು ಬಂದಮೇಲೆ ತೊಳೆದುಕೊಡುತ್ತೇನೆಂದು ಡ್ರೈವರಿಗೆ ಮಾತು ಕೊಟ್ಟಿದ್ದೇನೆ. ತೊಳೆಯುವವನು ನಾನೇ, ನೀನಲ್ಲ.

ಮುದುಕಿ ಬಾಯಿ ಎಂದರೆ ಬಾಯಿ. ಹೋದ ವರ್ಷ ಒಂದು ಕಣ್ಣು ಮಾಡಿಸಿಕೊಂಡಿದ್ದರಂತೆ, ಮೊನ್ನೆ ಇನ್ನೊಂದು, ಈಗ ಪ್ಲಾಸ್ಟರು ತೆಗೆಸಿಕೊಳ್ಳಲು ನಾಲ್ಕನೇ ಊರಿನ ಅದೇ ಆಸ್ಪತ್ರೆಗೆ ಹೊರಟಿದ್ದರು. ಲಾಭವಿಲ್ಲವೆಂದು ಅಲ್ಲಿಗೆ ಹೋಗುವ ಬಸ್ಸನ್ನು ಬೇಕಾದಾಗ ಓಡಿಸುತ್ತಾರೆ, ಬೇಡವಾದಾಗ ಬಿಡುತ್ತಾರೆ. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಲಾಭ ಹುಡುಕುವವರ ಬಗ್ಗೆ ಏನು ಬರೆಯಲಿ! ಬರೆಯುತ್ತೇನೆ, ಬೇರೆ ಕಡೆ ಬರೆಯುತ್ತೇನೆ. ಆಸ್ಪತ್ರೆ ಎಂಬ ಮಾತು ಕೇಳಿದ ಕೂಡಲೇ ಅಪ್ಪನ ಹೆಬ್ಬೆರಳು ಮತ್ತೆ ನಿನ್ನ ಹೊಲಿಗೆಯ ಮೇಲೆ ಓಡಾಡತೊಡಗಿತು.

ಮೂರನೇ ಊರಿನಲ್ಲಿ ಮೀನು ಮಾರುವಾಕೆ ಇಳಿದುಹೋದರು. ಡ್ರೈವರು ಕಡಲಗೋಡೆಯ ಪಕ್ಕ ಕಾರು ನಿಲ್ಲಿಸಿ, ಈ ಕರಾವಳಿಯಲ್ಲೇ ಚಂದದ ನೋಟ ಇದು ಎಂದರು. ನಿಜ. ಬಿಸಿಲಿಗೆ ನೀರು ಹೊಳೆಯುತ್ತಿತ್ತು, ದೂರದಲ್ಲಿ ಒಂದು ಹಾಯಿ. ನಾನು ನೋಡುತ್ತ ನಿಂತುಬಿಟ್ಟೆ. ಅಪ್ಪ ಸ್ವಲ್ಪ ಆಚೆ ಹೋಗಿ, ಕೈ ಹಿಂದೆ ಕಟ್ಟಿಕೊಂಡು, ನನಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದರು: "ಆಹಾ! ಎಂಥಾ ನೀಲಿ ಕಣೋ! ಒಂದು ಅಲೇನೂ ಇಲ್ಲ ನೋಡು, ಎಷ್ಟು ಶಾಂತವಾಗಿದೆ. ನಿಮ್ಮಮ್ಮ ಇರ್ಬೇಕಿತ್ತು."

ತಿರುಗಿ ನೋಡಿದೆ. ಅವರು ನಿಂತಿದ್ದದ್ದು ರಸ್ತೆಯ ಕಡೆ ಮುಖ ಮಾಡಿ. ಎದುರಿಗೆ ರಸ್ತೆಯಂಚಿಗೆ ಎಳೆದಿಟ್ಟ ದೋಣಿಗಳು, ಅವುಗಳ ಮೇಲೆ ಉದ್ದಕ್ಕೆ ಹೊದಿಸಿದ್ದ ನೀಲಿ ಟಾರ್ಪಾಲು.

ಸತ್ಯ ಸತ್ಯ ಎನ್ನುವ ನಾನು ಮತ್ತೆ ಹಾಯಿಯ ಕಡೆ ಮುಖ ತಿರುಗಿಸಿಕೊಂಡೆ. ಡ್ರೈವರೂ ತಲೆ ತಗ್ಗಿಸಿದರು. ಕಾರಿಗೊರಗಿ ನಿಂತಿದ್ದ ಮುದುಕಿ ಮಾತ್ರ ಅಲ್ಲಿಂದಲೇ ಕೂಗಿದರು. "ಏನಯ್ಯಾ ಕಂಡಕ್ಟ್ರೇ, ಅದು ಟಾರ್ಪಾಲು! ಸಮುದ್ರ ನಿನ್ನ ಬೆನ್ನ ಹಿಂದೆ ಇದೆ. ನನಗೆ ಒಂದು ಕಣ್ಣಲ್ಲಿ ಕಾಣೋದು ನಿನಗೆ ಎರಡರಲ್ಲೂ ಕಾಣ್ತಿಲ್ವಾ?"

ಅಪ್ಪ ತಿರುಗಲಿಲ್ಲ. "ಅದಕ್ಕೇ ಅಲೆ ಇರ್ಲಿಲ್ಲ" ಎಂದರು. ಮುದುಕಿ ನಕ್ಕರು, ಅಪ್ಪನೂ ನಕ್ಕರು, ನನಗೆ ನಗು ಬರಲಿಲ್ಲ. ಹೋಗಿ ಅವರ ತೋಳು ಹಿಡಿದು ಗೋಡೆಯ ಮೇಲೆ ಕೂರಿಸಿದೆ. ಮುದುಕಿಯೂ ಬಂದು ಪಕ್ಕದಲ್ಲಿ ಕೂತರು. ನಮಗಿಬ್ಬರಿಗೂ ಎಂದೂ ಹೇಳದ ಮಾತನ್ನು ಅಪ್ಪ ಆ ಗುರುತಿಲ್ಲದ ಮುದುಕಿಗೆ ಹೇಳಿದರು. "ಈಗ ಮಸುಕಾಗಿಯಾದ್ರೂ ಕಾಣುತ್ತಮ್ಮಾ. ನನ್ನ ಹೆಂಡ್ತಿ ಬಾಗ್ಲಲ್ಲಿ ನಿಂತ್ರೆ ಅವಳೇ ಅಂತ ಗೊತ್ತಾಗುತ್ತೆ, ಆ ಆಕಾರ ಸಾಕು ನಂಗೆ. ಅವರು ಕತ್ತರಿ ಹಾಕಿ ಇರೋ ಮಸುಕೂ ಹೋದ್ರೆ?"

ಮುದುಕಿ ಸಮಾಧಾನ ಹೇಳಲಿಲ್ಲ. "ನಾನೂ ಹಂಗೇ ಹೆದರಿ ಐದು ವರ್ಷ ಕೂತಿದ್ದೆ. ಹೋದ್ವರ್ಷ ಕಟ್ಟು ಬಿಚ್ಚಿದಾಗ ಎದುರಿಗೆ ಸೊಸೆ ನಿಂತಿದ್ಲು. ಅಷ್ಟು ಸಣ್ಣ ಆಗೋಗಿದಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣಯ್ಯಾ. ಆಕಾರ ನೋಡ್ತಿದ್ದೆ, ಮುಖ ನೋಡಿರ್ಲಿಲ್ಲ. ಅವತ್ತಿಂದ ಬೈಯೋದು ಬಿಟ್ಟೆ" ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಎರಡು ದಿನ" ಎಂದರು.

ಮತ್ತೆ ಕಾರು ಹೊರಟಾಗ ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪಾ, ಈ ಪ್ರವಾಸವೇ ಒಂದು ಉಪಾಯ, ನಾಲ್ಕನೇ ಊರು ನೋಡುವುದಕ್ಕಲ್ಲ, ಅಲ್ಲಿ ಕಣ್ಣಾಸ್ಪತ್ರೆ ಇದೆ, ಅಮ್ಮನೂ ನಾನೂ ಸೇರಿ ನಿಮಗೆ ಮೋಸ ಮಾಡಿದೆವು, ಒಬ್ಬ ಮನುಷ್ಯನನ್ನು ಅವನಿಗೆ ತಿಳಿಯದಂತೆ ಅವನ ಒಳ್ಳೆಯದಕ್ಕೆ ಕರೆದೊಯ್ಯುವುದೂ ದಬ್ಬಾಳಿಕೆಯೇ, ನೀವು ಬೇಡವೆಂದರೆ ಈಗಲೇ ತಿರುಗಿಸೋಣ. ಅಪ್ಪ ಪೂರ್ತಿ ಕೇಳಿದರು. "ಮುಗೀತಾ?" ಎಂದರು. ಮುಗಿಯಿತು ಎಂದೆ. ಆಮೇಲೆ ಆಸ್ಪತ್ರೆಯ ಗೇಟು ಬರುವವರೆಗೆ ಡ್ರೈವರು ರೇಡಿಯೋ ಕೂಡ ಹಾಕಲಿಲ್ಲ.

ಗೇಟಿನ ಮುಂದೆ ಕಾರು ನಿಂತಿತು. ಹಿಂದಿನಿಂದ ಸಣ್ಣಗೆ ಸೀಟಿ ಊದಿ, ಅದೇ ಹಳೆಯ ದನಿಯಲ್ಲಿ ಅಪ್ಪ ಹೇಳಿದರು: "ಆಸ್ಪತ್ರೆ, ಆಸ್ಪತ್ರೆ. ಇಳಿಯೋರು ಇಳೀರಿ." ಮುದುಕಿಯ ಕೈಹಿಡಿದು ಇಳಿಸಿದರು. ಕಂಡಕ್ಟರು ಕೊನೆಗೆ ಮತ್ತೆ ಹತ್ತಿ "ರೈಟ್" ಎನ್ನಬೇಕಲ್ಲವೇ? ಹತ್ತಲಿಲ್ಲ. ಬಾಗಿಲು ಹಾಕಿ, ಕಾರಿನ ಬೆನ್ನಿಗೆ ಎರಡು ಸಲ ತಟ್ಟಿ, ಆಕೆಯ ಜೊತೆ ಒಳಗೆ ನಡೆದರು. ಯಾರು ಯಾರನ್ನು ನಡೆಸುತ್ತಿದ್ದರೋ ನನಗೆ ತಿಳಿಯಲಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸಿಡುಕಿ. ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಬೈದರು. ಪೊರೆ ಬಲಿತಿದೆ, ಆದರೆ ಕೈಮೀರಿಲ್ಲ, ಮೊದಲು ಬಲಗಣ್ಣು ಮಾಡೋಣ ಎಂದರು. ಬರುವ ಗುರುವಾರವಲ್ಲ, ಅದರ ಮುಂದಿನ ಗುರುವಾರಕ್ಕೆ ದಿನ ಕೊಟ್ಟರು. ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ಯೋಚನೆ ಮಾಡ್ತೀನಿ" ಎಂದರು. ಮನೆಗೆ ಬರುವವರೆಗೂ ಅದೇ ಮಾತು. ನಾನು ಒತ್ತಾಯ ಮಾಡಿಲ್ಲ. ಮೋಸ ಒಮ್ಮೆ ಮಾಡಿದ್ದು ಸಾಕು, ಇನ್ನು ಅವರ ಕಣ್ಣು ಅವರ ತೀರ್ಮಾನ. ಹಾಗೆ ಬರೆಯುತ್ತಿದ್ದೇನೆ, ಕ್ಯಾಲೆಂಡರಿನಲ್ಲಿ ಮಾತ್ರ ಆ ಗುರುವಾರಕ್ಕೆ ಗುರುತು ಹಾಕಿಟ್ಟಿದ್ದೇನೆ.

ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳು, ಕೋಲನ್ನು ನನ್ನ ಬೆನ್ನಿಗೆಂದು ಎತ್ತಿಡಬೇಡಿ ಎಂದೂ ಹೇಳು. ನಿನ್ನ ಬೆನ್ನಿಗೆ ಶಾಖ, ಮರೆಯಬೇಡ. ಇಲ್ಲಿ ಮಿಷನ್ನಿಗೆ ಎಣ್ಣೆ ಬಿಟ್ಟಿದ್ದೇನೆ, ಧೂಳು ಕೂರಲು ಬಿಟ್ಟಿಲ್ಲ.

ನಿನ್ನ ಮಗ,
ನೀನೇ ಹೆಸರಿಟ್ಟ ಹಾಗೆ, ಕರಪತ್ರ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಪ್ಪ ಎದ್ದು ಬಂದರು. "ಅವಳಿಗೆ ಬರೀತಿದೀಯಾ? ಗುರುವಾರ ಮಾಡಿಸ್ಕೋತೀನಿ ಅಂತ ಬರಿ" ಎಂದರು. ಬಾಗಿಲವರೆಗೆ ಹೋಗಿ ತಿರುಗಿ ಬಂದು, "ಕಟ್ಟು ಬಿಚ್ಚೋವಾಗ ಎದುರಿಗೆ ನಿನ್ನ ಗಡ್ಡ ಇರ್ಕೂಡ್ದು. ಅವಳು ನಿಂತಿರ್ಬೇಕು, ಮುಖ ನೋಡ್ಬೇಕು" ಎಂದರು. ಮತ್ತೆ ಹೋಗಿ, ಮತ್ತೆ ಬಂದು, "ಹಂಗೆಲ್ಲ ಬರೀಬೇಡ. ಅನುಕೂಲ ಆದ್ರೆ ಬಾ ಅಂತ ಬರಿ ಸಾಕು" ಎಂದರು. ಅವರು ಹೇಳಿದಂತೆಯೇ ಬರೆಯುತ್ತಿದ್ದೇನೆ: ಅನುಕೂಲವಾದರೆ ಬಾ. ಆದರೆ ನನಗೆ ಸುಳ್ಳು ಬರೆದು ಅಭ್ಯಾಸವಿಲ್ಲ. ಅಮ್ಮಾ, ಬಾ.